ಅಮ್ಮ ಬಂದಿದ್ಲು

ಗುರುವಾರ ಸಂಜೆ ರಕ್ಷಾ ಮಗಳಿಗೆ ಸಾರನ್ನ ಕಲಸಿ ತಿನ್ನಿಸುತ್ತಿದ್ದಳು. ನಾಲ್ಕು ವರ್ಷದ ಅನಘಾ ಊಟಕ್ಕೆ ಕೂತರೆ ಸುಮ್ಮನೆ ಕೂರುವ ಪೈಕಿಯಲ್ಲ. ಒಂದು ತುತ್ತಿಗೆ ಕತೆ ಬೇಕು, ಇನ್ನೊಂದು ತುತ್ತಿಗೆ ಕಿಟಕಿಯಾಚೆ ಬೆಕ್ಕು ಬರಬೇಕು. ಅಂದು ಮಾತ್ರ ತಲೆ ತಗ್ಗಿಸಿಕೊಂಡು ತನ್ನ ಬೆರಳಿನ ಜೊತೆ ಏನೋ ಕೆಲಸ ನಡೆಸಿದ್ದಳು. ಮತ್ತೆ ಉಗುರು ಕಚ್ಚುತ್ತಿದ್ದಾಳೆ ಎಂದುಕೊಂಡು ರಕ್ಷಾ ಗದರಲು ಬಾಯಿ ತೆರೆಯುವಷ್ಟರಲ್ಲಿ ಮಗು ಅಂಗೈ ಚಾಚಿತು.

"ಮಮ್ಮಿ, ತಗೋ."

ಅಂಗೈಯಲ್ಲಿ ಒಂದು ಉಗುರಿತ್ತು. ಕತ್ತರಿಸಿದ ಚೂರಲ್ಲ, ಕಚ್ಚಿದ ತುಣುಕೂ ಅಲ್ಲ. ಬುಡದಿಂದ ತುದಿಯವರೆಗೆ ಇಡೀ ಉಗುರು, ಬೇಯಿಸಿದ ಕಡಲೆಯ ಸಿಪ್ಪೆಯ ಹಾಗೆ ಸುಲಿದು ಬಂದಿತ್ತು.

ರಕ್ಷಾಳ ಕೈಯಲ್ಲಿದ್ದ ತುತ್ತು ಜಾರಿ ನೆಲಕ್ಕೆ ಬಿತ್ತು. ಮಗುವಿನ ಎರಡೂ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದಳು. ಬಲಗೈಯ ನಡುಬೆರಳು ಬೋಳಾಗಿತ್ತು. ಪಕ್ಕದ ಬೆರಳಿನ ಉಗುರು ಬುಡದಲ್ಲಿ ಬಿಟ್ಟುಕೊಂಡು ತುದಿಯಲ್ಲಿ ಮಾತ್ರ ಅಂಟಿಕೊಂಡಿತ್ತು. ಎಡಗೈ ಹೆಬ್ಬೆರಳಿನದೂ ಅದೇ ಪಾಡು. ರಕ್ತವಿಲ್ಲ, ಕೀವಿಲ್ಲ, ಬಾವೂ ಇಲ್ಲ. ನೋಯುತ್ತಿದೆಯಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದ ಮಗು, ಇನ್ನೊಂದನ್ನೂ ಕೊಡಲೇ ಎನ್ನುವಂತೆ ಜೋತಾಡುವ ಉಗುರನ್ನು ಮುಟ್ಟಿತು. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಅಳದ ಮಗುವನ್ನು ಏನು ಮಾಡಬೇಕೋ ರಕ್ಷಾಳಿಗೆ ತಿಳಿಯಲಿಲ್ಲ.

ಅವಳ ದಿಗಿಲಿಗೆ ಇನ್ನೊಂದು ಕಾರಣವೂ ಇತ್ತು. ಅನಘಾಳಿಗೆ ಉಗುರು ಕಚ್ಚುವ ಚಾಳಿ. ಮುದ್ದು ಮಾಡಿ, ಬುದ್ಧಿ ಹೇಳಿ, ಬೈದು ಸೋತ ರಕ್ಷಾ ಕಡೆಗೆ ಎಲ್ಲ ತಾಯಂದಿರೂ ಹಿಡಿಯುವ ದಾರಿ ಹಿಡಿದಿದ್ದಳು. ಹೀಗೇ ಕಚ್ಚುತ್ತಿರು, ಒಂದು ದಿನ ಎಲ್ಲ ಉಗುರೂ ಉದುರಿ ಹೋಗುತ್ತವೆ ನೋಡು, ಎಂದು ದಿನಕ್ಕೊಮ್ಮೆಯಾದರೂ ಹೆದರಿಸುತ್ತಿದ್ದಳು. ದೀಪಾವಳಿಯ ಹಿಂದಿನ ದಿನ ಕೋಪ ತಡೆಯಲಾರದೆ ಮರದ ಸ್ಕೇಲಿನಿಂದ ಬೆರಳುಗಳ ಮೇಲೆ ಒಂದು ಏಟನ್ನೂ ಹಾಕಿದ್ದಳು. ಮೆತ್ತಗೇ ಹಾಕಿದ್ದು, ಹಾಗೆಂದು ಅವಳ ನೆನಪು. ಮುಸ್ಸಂಜೆ ಹೊತ್ತು ಕೆಟ್ಟ ಮಾತು ಆಡಬಾರದು, ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆ ಎಂದು ಅವಳ ಅತ್ತೆ ಆಗಾಗ ಹೇಳುತ್ತಿದ್ದರು. ರಕ್ಷಾ ಅದನ್ನೆಲ್ಲ ನಂಬುವವಳಲ್ಲ. ಆದರೂ ಆ ಉಗುರನ್ನು ಕಾಗದದಲ್ಲಿ ಸುತ್ತುವಾಗ ಅವಳ ಕಿವಿಯಲ್ಲಿ ತನ್ನದೇ ಮಾತು ಕೇಳಿಸುತ್ತಿತ್ತು.

ಇವರ ಮನೆ ಬಸವೇಶ್ವರನಗರದಲ್ಲಿ. ರಕ್ಷಾಳಿಗೆ ರಾಜಾಜಿನಗರದ ವಿಮಾ ಕಚೇರಿಯಲ್ಲಿ ಕೆಲಸ, ಗಂಡ ಶಿವಕಿರಣ್‌ಗೆ ಮಾಗಡಿ ರಸ್ತೆಯಲ್ಲಿ ಬೋರ್‌ವೆಲ್ ಮೋಟಾರಿನ ಅಂಗಡಿ. ಅತ್ತೆ ಗಿರಿಜಾದೇವಿ, ಮಾವ ಸಿದ್ದಬಸಪ್ಪ ದಾವಣಗೆರೆ ಬಿಟ್ಟು ಬಂದು ಬ್ಯಾಡರಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಅತ್ತೆ ಸೊಸೆಗೆ ಜಗಳವೆಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮೊಮ್ಮಗಳು ಹೆತ್ತವಳನ್ನು ಮಮ್ಮಿ ಎನ್ನುವುದೊಂದು ಮಾತ್ರ ಗಿರಿಜಾದೇವಿಗೆ ಗಂಟಲಲ್ಲಿ ಸಿಕ್ಕ ಮುಳ್ಳು. ಅಮ್ಮ ಅನ್ನುವುದಕ್ಕೆ ಬಾಯಿ ನೋಯುತ್ತದಾ ಎಂದು ಬಂದಾಗಲೆಲ್ಲ ಕೇಳುತ್ತಿದ್ದರು. ಕೂಸು ಮೊದಲು ಕಲಿತದ್ದೇ ಅದು, ಬಿಡಿ ಅತ್ತೆ, ಎಂದು ರಕ್ಷಾ ನಕ್ಕುಬಿಡುತ್ತಿದ್ದಳು.

ಅಂಗಡಿಯಿಂದ ಬಂದ ಶಿವಕಿರಣ್‌ ಚಪ್ಪಲಿ ಬಿಡುವ ಮೊದಲೇ ಮೂವರೂ ಹತ್ತಿರದ ಕ್ಲಿನಿಕ್ಕಿಗೆ ಹೊರಟರು. ಡಾಕ್ಟರು ಬೆರಳುಗಳನ್ನು ಒತ್ತಿ ನೋಡಿ, ಈ ಒಂದೆರಡು ತಿಂಗಳಲ್ಲಿ ಮಗುವಿಗೆ ಜ್ವರ, ಕಾಯಿಲೆ ಏನಾದರೂ ಬಂದಿತ್ತೇ ಎಂದು ವಿಚಾರಿಸಿದರು. ತನ್ನ ಹತ್ತಿರ ಇದ್ದಾಗ ಏನೂ ಬಂದಿರಲಿಲ್ಲ ಎಂದಳು ರಕ್ಷಾ. ದಸರಾ ರಜೆಯಲ್ಲಿ ಅವಳು ತರಬೇತಿಗೆಂದು ಮೈಸೂರಿಗೆ ಹೋಗಿದ್ದಳು, ಶಿವಕಿರಣ್‌ ಮೋಟಾರು ತರಲು ಕೊಯಮತ್ತೂರಿಗೆ ಹೋಗಿದ್ದ. ಅಷ್ಟು ದಿನ ಮಗು ಇದ್ದದ್ದು ಅಜ್ಜಿಯ ಮನೆಯಲ್ಲಿ. ಡಾಕ್ಟರ ಎದುರಿಗೇ ಫೋನು ಹಚ್ಚಿ ಸ್ಪೀಕರ್‌ ಹಾಕಿದಳು.

"ಅತ್ತೆ, ಅನಘಾ ನಿಮ್ಮನೇಲಿದ್ದಾಗ ಏನಾದ್ರೂ ಕಾಯಿಲೆ ಬಂದಿತ್ತಾ?"

"ಕಾಯಿಲೆನಾ? ಇಲ್ಲವ್ವ. ಕಾಯಿಲೆ ಕಸಾಲೆ ಒಂದೂ ಇರ್ಲಿಲ್ಲ. ಯಾಕೆ?"

ಹಾಗಾದರೆ ಪೆಟ್ಟೇನಾದರೂ ಆಗಿರಬಹುದು ಎಂದರು ಡಾಕ್ಟರು. ಬಾಗಿಲ ಸಂದಿಗೆ ಸಿಕ್ಕಿರಬಹುದು, ಆದರೆ ಎರಡೂ ಕೈ ಒಟ್ಟಿಗೆ ಸಿಕ್ಕುವುದು ಕಷ್ಟ, ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಕಳಿಸಿಕೊಟ್ಟರು. ಅವರು ಬಿಟ್ಟ ಮಾತನ್ನು ರಕ್ಷಾ ಮೆಟ್ಟಿಲಿಳಿಯುವಷ್ಟರಲ್ಲಿ ಪೂರ್ತಿ ಮಾಡಿಕೊಂಡಳು. ಬಾಗಿಲಲ್ಲದಿದ್ದರೆ ಮನುಷ್ಯರು. ಯಾರೋ ಎಳೆದಿದ್ದಾರೆ.

ಯಾರು ಎಂದು ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಗಲೆಲ್ಲ ಮಗು ಇರುವುದು ಕುರುಬರಹಳ್ಳಿಯ ಪ್ಲೇ ಹೋಮಿನಲ್ಲಿ. ಅಲ್ಲಿ ಕೈ ತೊಳೆಸುವವಳು, ಊಟ ಮಾಡಿಸುವವಳು, ಬಾತ್‌ರೂಮಿಗೆ ಕರೆದೊಯ್ಯುವವಳು ಒಬ್ಬಳೇ, ಆಯಾ ನೀಲಮ್ಮ. ಬಿಸಿಲಿಗೆ ಕಂದಿದ ಮುಖದ, ಹೆಚ್ಚು ಮಾತಾಡದ ಹೆಂಗಸು. ನಿನ್ನೆಯವರೆಗೆ ಆ ಮೌನ ರಕ್ಷಾಳಿಗೆ ಒಳ್ಳೆಯತನದಂತೆ ಕಂಡಿತ್ತು. ಇಂದು ಅದೇ ಬೇರೆ ಥರ ಕಂಡಿತು. ಶನಿವಾರ ಚರ್ಮದ ಡಾಕ್ಟರ ಹತ್ತಿರ ಸಮಯ ಸಿಕ್ಕಿದೆ, ಅಲ್ಲಿಯವರೆಗೆ ತಡಿ ಎಂದು ಶಿವಕಿರಣ್‌ ಹೇಳಿದ. ತಡೆಯುವುದೆಂದರೆ ರಕ್ಷಾಳಿಗೆ ಆಗದ ಕೆಲಸ. ಅವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮಕ್ಕಳನ್ನು ಬಿಡಲು ಬಂದ ತಂದೆತಾಯಿಯರು ಗೇಟಿನ ಹತ್ತಿರ ಇರುವಾಗಲೇ ರಕ್ಷಾ ಮಗಳ ಕೈ ಹಿಡಿದುಕೊಂಡು ಒಳಗೆ ಹೋದಳು. ಪ್ಲೇ ಹೋಮ್‌ ನಡೆಸುತ್ತಿದ್ದ ಅಂಬುಜಾ ಮೇಡಂ ಎದ್ದು ಬಂದರು. ರಕ್ಷಾ ಪರ್ಸಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಅಂಬುಜಾ ಬಾಯಿಗೆ ಕೈ ಅಡ್ಡ ಹಿಡಿದರು. ಬಾಗಿಲಲ್ಲಿ ನಿಂತಿದ್ದ, ಸುಘೋಷ್‌ ಎಂಬ ಹುಡುಗನ ತಾಯಿ, ಏನು ಏನು ಎನ್ನುತ್ತ ಹತ್ತಿರ ಬಂದವಳು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದಳು.

ನೀಲಮ್ಮನನ್ನು ಕರೆಸಿದರು. ಅವಳು ಬಂದು ಗೋಡೆಗೊರಗಿ ನಿಂತಳು. ಉಗುರನ್ನು ನೋಡಿದಳು, ನೋಡಿ ಬಿಳಿಚಿಕೊಂಡಳು. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ರಕ್ಷಾ ಅದನ್ನು ಗಮನಿಸಿದಳು. ಅವಳಷ್ಟೇ ಏಕೆ, ಅಲ್ಲಿದ್ದವರೆಲ್ಲ ಗಮನಿಸಿದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋದು ಸುಮ್ನೆ ಅಲ್ಲ ಎಂದು ಸುಘೋಷನ ತಾಯಿ ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಇತ್ತು.

ರಕ್ಷಾ ಕೈ ತೋರಿಸು ಎಂದಳು. ನೀಲಮ್ಮ ತೋರಿಸಲಿಲ್ಲ. ಮಕ್ಕಳ ಮೇಲೆ ಕೈ ಮಾಡಿದ್ದೀಯಾ ಎಂದು ರಕ್ಷಾ ಕೇಳಿದಳು. ಇಲ್ಲವೆಂದು ನೀಲಮ್ಮ ತಲೆಯಾಡಿಸಿದಳು, ಬಾಯಿ ಬಿಡಲಿಲ್ಲ. ಕೈ ಮಾತ್ರ ಸೆರಗಿನಿಂದ ಹೊರಗೆ ಬರಲಿಲ್ಲ. ಆ ಹೊತ್ತಿಗೆ ರಕ್ಷಾಳ ತಲೆಗೆ ರಕ್ತ ಏರಿತ್ತು. ಹದಿನೈದು ಜನರ ಎದುರಿಗೆ ಇವಳು ಸುಳ್ಳು ಹೇಳುತ್ತಿದ್ದಾಳೆ, ಎಂದು ಅವಳಿಗೆ ಸೂರ್ಯ ಕಂಡಷ್ಟು ಸ್ಪಷ್ಟವಾಗಿ ಕಂಡಿತು.

"ಮಗೂನೇ ಕೇಳಿ ಮೇಡಂ," ಎಂದಳು. "ಎಲ್ಲರ ಮುಂದೇನೇ ಕೇಳಿ. ಮಗು ಸುಳ್ಳು ಹೇಳಲ್ಲ."

ಅಂಬುಜಾ ಮಂಡಿಯೂರಿ ಕೂತು ಅನಘಾಳನ್ನು ಹತ್ತಿರ ಎಳೆದುಕೊಂಡರು. ಹೆದರಬೇಡ, ಯಾರೂ ಬೈಯಲ್ಲ ಎಂದರು. ಆಮೇಲೆ, "ನಿನ್ನ ಬೆರಳಿಗೆ ಯಾರು ಪುಟ್ಟಾ ನೋವು ಮಾಡಿದ್ದು?" ಎಂದು ಕೇಳಿದರು.

ಅನಘಾ ಯೋಚಿಸಲೂ ಇಲ್ಲ.

"ಅಮ್ಮ," ಎಂದಳು. "ಅಮ್ಮ ಬಂದಿದ್ಲು. ಅಮ್ಮಾನೇ ಮಾಡಿದ್ದು. ಕೈಯೆಲ್ಲಾ ಉರಿ ಉರಿ ಆಯ್ತು."

ರಕ್ಷಾ ತಾನು ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡಳು. ಅಂಬುಜಾ ಮೆಲ್ಲನೆ ಇನ್ನೊಮ್ಮೆ ಕೇಳಿದರು. ಮಗು ಇನ್ನೊಮ್ಮೆ ಅದನ್ನೇ ಹೇಳಿತು, ಪಾಠ ಒಪ್ಪಿಸುವ ಖುಷಿಯಲ್ಲಿ. ಯಾರಿಗೂ ಹೇಳ್ಬಾರ್ದು ಅಂತ ಹೇಳಿದಾರೆ, ಎಂದು ತುಟಿಯ ಮೇಲೆ ಬೆರಳಿಟ್ಟುಕೊಂಡಿತು. ಆ ಬೆರಳಿಗೆ ಉಗುರಿರಲಿಲ್ಲ.

ಸುಘೋಷನ ತಾಯಿ ಮಗನನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು, ನೀಲಮ್ಮನಿಂದ ಅಲ್ಲ, ರಕ್ಷಾಳಿಂದ. ಅಂಬುಜಾ ಅನಘಾಳ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ. ಗೋಡೆಗೊರಗಿದ್ದ ನೀಲಮ್ಮನ ಕಡೆ ಈಗ ಯಾರೂ ನೋಡುತ್ತಿರಲಿಲ್ಲ. ಅವಳು ಸೆರಗಿನೊಳಗಿನ ಕೈ ಸೆರಗಿನೊಳಗೇ ಇಟ್ಟುಕೊಂಡು ಗೇಟು ದಾಟಿ ಹೋದದ್ದನ್ನೂ ಯಾರೂ ನೋಡಲಿಲ್ಲ.

ನಾನಲ್ಲ ಎನ್ನಬೇಕಿತ್ತು ರಕ್ಷಾ. ಆದರೆ ಆ ಗಳಿಗೆಯಲ್ಲಿ ಅವಳೂ ಮಗುವಿನ ಮಾತನ್ನು ನಂಬಿದಳು. ಮರದ ಸ್ಕೇಲು ಕಣ್ಣ ಮುಂದೆ ಬಂತು. ಮೆತ್ತಗೆ ಹೊಡೆದೆನೋ, ಜೋರಾಗಿ ಹೊಡೆದೆನೋ, ಒಂದೇ ಏಟೋ, ಕೋಪದಲ್ಲಿ ಮರೆತ ಇನ್ನೂ ಎರಡು ಏಟುಗಳೋ. ಕೋಪ ಇಳಿದ ಮೇಲೆ ಏನೇನು ಮಾಡಿದೆ ಎಂಬುದು ಅವಳಿಗೆ ಪೂರ್ತಿ ನೆನಪಿರುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಮೇಜಿನ ಮೇಲಿನ ಉಗುರನ್ನು ನೋಡುತ್ತ, ಇದನ್ನು ನಾನೇ ಕಿತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು.

ಅಂಬುಜಾ ಶಿವಕಿರಣ್‌ಗೆ ಫೋನು ಮಾಡಿದರು. ಇಂಥ ಮಾತು ಮಗುವಿನ ಬಾಯಲ್ಲಿ ಬಂದ ಮೇಲೆ ಮಕ್ಕಳ ರಕ್ಷಣೆಯವರಿಗೆ ತಿಳಿಸುವುದು ತಮ್ಮ ಕರ್ತವ್ಯ ಎಂದರು. ಸೋಮವಾರದವರೆಗೆ ಕಾಯುತ್ತೇನೆ, ಅಷ್ಟರಲ್ಲಿ ತಜ್ಞ ವೈದ್ಯರು ಬೇರೆ ಕಾರಣ ಹೇಳಿದರೆ ಎಲ್ಲರಿಗೂ ಒಳ್ಳೆಯದು ಎಂದೂ ಸೇರಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಕ್ಷಾಳಿಗೆ ಜಗಳವಾಡಲಾದರೂ ಒಂದು ದಾರಿ ಸಿಗುತ್ತಿತ್ತು.

ಶಿವಕಿರಣ್‌ ಬಂದ. ಎಲ್ಲ ಕೇಳಿಸಿಕೊಂಡ. ಹೆಂಡತಿಯ ಮುಖ ನೋಡಲಿಲ್ಲ, ಅವಳ ಕೈಗಳನ್ನು ನೋಡಿದ. ಒಂದು ಕ್ಷಣ ಅಷ್ಟೇ. ಎಂಟು ವರ್ಷದ ಸಂಸಾರದಲ್ಲಿ ಅವನು ಒಮ್ಮೆಯೂ ಅವಳನ್ನು ಹಾಗೆ ನೋಡಿರಲಿಲ್ಲ. ಕಾರಿನಲ್ಲಿ ಕೂತ ಮೇಲೆ ಸ್ಟಿಯರಿಂಗ್‌ ಹಿಡಿದುಕೊಂಡೇ ಕೇಳಿದ.

"ಅವತ್ತು ಸ್ಕೇಲಲ್ಲಿ ಹೊಡ್ದೆಯಲ್ಲ. ಎಷ್ಟು ಜೋರಾಗಿ ಹೊಡ್ದೆ ರಕ್ಷಾ?"

ಅವಳಿಗೂ ಬೇಕಾಗಿದ್ದ ಉತ್ತರವದು. ಅವನು ಅವಳನ್ನು ಮನೆಯ ಹತ್ತಿರ ಇಳಿಸಿ, ಎರಡು ದಿನ ಮಗು ನಮ್ಮಮ್ಮನ ಹತ್ತಿರ ಇರಲಿ ಎಂದು ಹೇಳಿ, ಅನಘಾಳನ್ನು ಕರೆದುಕೊಂಡು ಬ್ಯಾಡರಹಳ್ಳಿಗೆ ಹೊರಟುಹೋದ. ಹೆತ್ತ ಅಮ್ಮ ಫುಟ್‌ಪಾತಿನ ಮೇಲೆ ನಿಂತು ಕಾರಿನ ಹಿಂದಿನ ಗಾಜಿನಲ್ಲಿ ಕೈಯಾಡಿಸುವ ಮಗಳನ್ನು ನೋಡಿದಳು. ಇನ್ನು ಈ ಮಗುವನ್ನು ನನ್ನ ಕೈಗೆ ಕೊಡುತ್ತಾರೋ ಇಲ್ಲವೋ, ಎಂದು ಮೊದಲ ಸಲ ಅನ್ನಿಸಿದ್ದು ಆಗ.

ಆ ದಿನ ರಕ್ಷಾ ಕಚೇರಿಗೆ ಹೋಗಲಿಲ್ಲ, ಒಲೆ ಹಚ್ಚಲಿಲ್ಲ. ಸ್ಕೇಲನ್ನು ಹುಡುಕಿ ತೆಗೆದು ತನ್ನ ಬೆರಳುಗಳ ಮೇಲೆ ತಾನೇ ಹೊಡೆದುಕೊಂಡು ನೋಡಿದಳು. ಇಷ್ಟಕ್ಕೆ ಉಗುರು ಬೀಳುತ್ತದೆಯೇ? ಇನ್ನೂ ಜೋರಾಗಿ ಹೊಡೆದಳು. ಬೆರಳು ಕೆಂಪಾಯಿತು, ಉಗುರು ಅಲ್ಲಾಡಲಿಲ್ಲ. ಮಗುವಿನ ಉಗುರು ತನ್ನದರಷ್ಟು ಗಟ್ಟಿಯೇ ಎಂಬ ಯೋಚನೆ ಬಂದು ಸ್ಕೇಲನ್ನು ಕೆಳಗಿಟ್ಟಳು. ಬುದ್ಧಿಯಿರುವ ಹೆಂಗಸು ಮಾಡುವ ಕೆಲಸವಲ್ಲ ಅದು. ಆದರೆ ಬುದ್ಧಿ ಅವಳನ್ನು ಬಿಟ್ಟು ಬೆಳಿಗ್ಗೆಯೇ ಹೋಗಿತ್ತು.

ಸಂಜೆ ಶಿವಕಿರಣ್‌ ಫೋನು ಮಾಡಿದ. ಊಟ ಮಾಡಿದೆಯಾ ಎಂದು ಕೇಳಿದ. ಹಿಂದಿನಿಂದ ಅನಘಾ ರಾಗ ಎಳೆಯುವುದು ಕೇಳಿಸಿತು.

"ಪಪ್ಪಾ, ಕೊಡು. ಮಮ್ಮಿ ಹತ್ರ ಮಾತಾಡ್ತೀನಿ. ಮಮ್ಮಿ, ಮಮ್ಮಿ."

ರಕ್ಷಾ ಫೋನು ಕಿವಿಗೆ ಒತ್ತಿಕೊಂಡು ನಿಂತವಳು ನಿಂತೇ ಇದ್ದಳು. ಮಮ್ಮಿ. ಹುಟ್ಟಿ ಬಾಯಿ ಬಂದಾಗಿನಿಂದ ಮಗು ತನ್ನನ್ನು ಇನ್ನೊಂದು ಹೆಸರಿನಿಂದ ಕರೆದಿಲ್ಲ. ಅತ್ತೆ ಗೋಗರೆದರೂ ಕರೆದಿಲ್ಲ, ಹೋಳಿಗೆಯ ಆಸೆ ತೋರಿಸಿದರೂ ಕರೆದಿಲ್ಲ. ಹಾಗಿದ್ದರೆ ಬೆಳಿಗ್ಗೆ ಅಷ್ಟು ಜನರ ಎದುರಿಗೆ ಅಮ್ಮ ಎಂದದ್ದು ಯಾರನ್ನು?

ಕೇಳಲು ಬಾಯಿ ತೆರೆದಳು, ಮುಚ್ಚಿದಳು. ಫೋನಿನಲ್ಲಿ ಕೇಳಿದರೆ ಮಗುವಿಗೆ ತಾನೇ ಹೇಳಿಕೊಟ್ಟಳೆಂದು ನಾಳೆ ಯಾರಾದರೂ ಅನ್ನಬಹುದು. ಗಂಡನೇ ಅನ್ನಬಹುದು. ಗಂಡನ ಬಗ್ಗೆ ತನಗೆ ಹೀಗೆ ಅನ್ನಿಸಿತಲ್ಲ ಎಂದು ಅವಳಿಗೆ ಅಳು ಬಂತು.

ಬೆಳಗಾಗುತ್ತಲೇ ಆಟೋ ಹಿಡಿದು ಬ್ಯಾಡರಹಳ್ಳಿಗೆ ಹೋದಳು. ಮಾವ ಸಿದ್ದಬಸಪ್ಪ ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಅವರ ಪೂಜೆ ಮುಗಿಯುವವರೆಗೆ ಆ ಮನೆಯಲ್ಲಿ ಸೌಟಿನ ಸದ್ದೂ ಆಗುವಂತಿಲ್ಲ. ಹಾಗಾಗಿ ಆಮೇಲಿನ ಮಾತೆಲ್ಲ ನಡೆದದ್ದು ಜಗಲಿಯ ಮೇಲೆ, ಪಿಸುದನಿಯಲ್ಲಿ. ಶಿವಕಿರಣ್‌ ಕಂಬಕ್ಕೊರಗಿ ನಿಂತಿದ್ದ. ರಕ್ಷಾ ಅವನನ್ನು ಮಾತಾಡಿಸಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು.

"ಪುಟ್ಟಾ, ಬೆರಳಿಗೆ ನೋವು ಮಾಡಿದ್ದು ಯಾವ ಅಮ್ಮ?"

"ಅಜ್ಜಿ ಮನೆ ಅಮ್ಮ."

"ಅಜ್ಜೀನಾ?"

"ಅಜ್ಜಿ ಅಲ್ಲ," ಎಂದು ಅನಘಾ ದಡ್ಡರಿಗೆ ಬಿಡಿಸಿ ಹೇಳುವಂತೆ ಹೇಳಿದಳು. "ಅಮ್ಮ. ಅವಳು ಕಾಣಲ್ಲ. ಕೈ ಮೇಲೆ ಗುಳ್ಳೆ ಮಾಡ್ತಾಳೆ, ಬಾಯಲ್ಲೂ ಮಾಡ್ತಾಳೆ. ಬೇವಿನ ಸೊಪ್ಪು ಹಾಕಿದ್ರೆ ಹೋಗ್ತಾಳೆ."

ಗಿರಿಜಾದೇವಿ ಕಾಫಿ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಲೋಟ ಕೆಳಗಿಟ್ಟು ಎರಡೂ ಕೆನ್ನೆ ಮುಟ್ಟಿಕೊಂಡರು. ಬಂದು ಹೋದ ತಾಯಿಯ ಹೆಸರು ಹೀಗೆಲ್ಲ ಎತ್ತಬಾರದು ಎಂದು ಮೊಮ್ಮಗಳಿಗೆ ಕಣ್ಣು ಬಿಟ್ಟರು. ರಕ್ಷಾ ನಿಧಾನವಾಗಿ ತಿರುಗಿ ಅತ್ತೆಯನ್ನು ನೋಡಿದಳು. ಅತ್ತೆ ಎಲ್ಲವನ್ನೂ ಹೇಳಿದರು. ಮುಚ್ಚುಮರೆ ಏನೂ ಇರಲಿಲ್ಲ, ಮುಚ್ಚಿಡುವಂಥದ್ದು ಎಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. ದಸರಾದಲ್ಲಿ ಮಗು ಬಂದ ಮಾರನೆಯ ದಿನ ಮೈ ಬೆಚ್ಚಗಾಯಿತು. ಅಂಗೈ, ಅಂಗಾಲು, ಬಾಯಿಯ ಸುತ್ತ ನೀರುಗುಳ್ಳೆ ಎದ್ದವು. ಅಮ್ಮ ಬಂದಿದ್ದಾಳೆ ಎಂದು ಗೊತ್ತಾಯಿತು. ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು, ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಅಮ್ಮ ಮನೆಯಲ್ಲಿರುವಾಗ ಊರಿಗೆಲ್ಲ ಸಾರಬಾರದೆಂದು ಫೋನಿನಲ್ಲೂ ಹೇಳಲಿಲ್ಲ. ನಾಲ್ಕೇ ದಿನಕ್ಕೆ ಅವಳು ತಣ್ಣಗಾದಳು. ಅರಿಸಿನ ಬೇವಿನ ನೀರೆರೆದು, ಗುಡಿಗೆ ಮೊಸರನ್ನ ಕೊಟ್ಟು ಕಳಿಸಿಕೊಟ್ಟದ್ದೂ ಆಯಿತು. ಮಗು ರಂಪ ಮಾಡಿದಾಗಲೆಲ್ಲ, ಅಮ್ಮ ಮಾಡಿರೋದು ಕಂದಾ, ಮುಟ್ಟಬೇಡ, ಯಾರಿಗೂ ಹೇಳಬೇಡ, ಹೋಗ್ತಾಳೆ, ಎಂದು ಅವರೇ ಹೇಳಿ ಸಮಾಧಾನ ಮಾಡಿದ್ದು.

"ಡಾಕ್ಟ್ರ ಮುಂದೆ ನಿಮ್ಮನ್ನ ಕೇಳಿದ್ನಲ್ಲ ಅತ್ತೆ," ಎಂದಳು ರಕ್ಷಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಕಾಯಿಲೆ ಬಂದಿತ್ತಾ ಅಂತ ಕೇಳ್ದೆ. ಅದು ಕಾಯಿಲೆ ಅಲ್ಲವ್ವ." ಗಿರಿಜಾದೇವಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅಮ್ಮ ಬಂದಿದ್ಲಾ ಅಂತ ಕೇಳಿದ್ರೆ ಹೇಳ್ತಿದ್ದೆ."

ರಕ್ಷಾಳಿಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು. ಮಗು ಗಾಬರಿಯಿಂದ ಅವಳ ಗಲ್ಲ ಹಿಡಿದುಕೊಂಡಿತು. ಕಂಬಕ್ಕೊರಗಿದ್ದ ಶಿವಕಿರಣ್‌ ಹತ್ತಿರ ಬಂದು ಅವಳ ಪಕ್ಕ ಕೂತ. ಏನೋ ಹೇಳಲು ಹೊರಟ, ಅವಳು ಕೈಯೆತ್ತಿ ತಡೆದಳು. ಅವನ ಮೇಲೆ ಅವಳಿಗೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಇಷ್ಟು ಹೊತ್ತಿಗೆ ಹೊರಗೆ ಬಂದಿರುತ್ತಿತ್ತು. ಅವನು ಕೈ ನೋಡಿದ ಆ ನೋಟ ಮಾತ್ರ ಎಲ್ಲೋ ಒಳಗೆ ಕೂತುಬಿಟ್ಟಿತ್ತು, ಅದು ಬೇಗ ಏಳುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಅಂದೇ ಮಧ್ಯಾಹ್ನ ಚರ್ಮದ ಡಾಕ್ಟರಾದ ರಂಜಿನಿ ಮಗುವಿನ ಕೈ ನೋಡಿ, ಗುಳ್ಳೆಯ ಸಂಗತಿ ಕೇಳಿ, ಗೊಂದಲವೇ ಇಲ್ಲ ಎಂದರು. ಮಕ್ಕಳಿಗೆ ಕೈ, ಕಾಲು, ಬಾಯಿಯಲ್ಲಿ ಗುಳ್ಳೆಯೇಳುವ ಒಂದು ವೈರಸ್‌ ಜ್ವರ ಬರುತ್ತದೆ, ಸೀತಾಳೆ ಸಿಡುಬಿನ ಹಾಗೆ ಕಂಡರೂ ಅದಲ್ಲ. ಅದು ಬಂದಾಗ ಉಗುರಿನ ಬೇರು ಕೆಲವು ದಿನ ಬೆಳೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಆಮೇಲೆ ಹೊಸ ಉಗುರು ಹುಟ್ಟಿ ಹಳೆಯದನ್ನು ತಳ್ಳುತ್ತದೆ. ಜ್ವರ ಮರೆತುಹೋದ ಎಷ್ಟೋ ವಾರದ ಮೇಲೆ ಉಗುರು ಬೀಳುವುದರಿಂದ ಯಾರಿಗೂ ಹಳೆಯದು ನೆನಪಾಗುವುದಿಲ್ಲ, ಎಲ್ಲರೂ ಗಾಬರಿಯಾಗುತ್ತಾರೆ. ಔಷಧಿ ಬೇಡ, ಎಲ್ಲ ಉಗುರೂ ತಾನಾಗಿ ಬರುತ್ತವೆ, ಈಗ ಇದು ಯಾರಿಗೂ ಅಂಟುವುದೂ ಇಲ್ಲ. ಕಚ್ಚುವುದರಿಂದ ಆಯಿತೇ, ಹೊಡೆದದ್ದರಿಂದ ಆಯಿತೇ ಎಂದು ರಕ್ಷಾ ಕೇಳಿದಳು. ಎರಡರಿಂದಲೂ ಅಲ್ಲ ಎಂದರು ರಂಜಿನಿ. ರಕ್ಷಾ ಕುರ್ಚಿಯ ಹಿಡಿ ಬಿಟ್ಟಳು.

ಹೊರಡುವ ಹೊತ್ತಿಗೆ ಡಾಕ್ಟರು ಇನ್ನೊಂದು ಮಾತು ಕೇಳಿದರು. ಗುಳ್ಳೆ ಏಳುವ ಹಿಂದಿನ ಒಂದೆರಡು ದಿನವೂ ಇದು ಅಂಟುತ್ತದೆ, ಊಟ ಮಾಡಿಸುವ ದೊಡ್ಡವರಿಗೂ ಒಮ್ಮೊಮ್ಮೆ ಬಂದು ಅವರ ಉಗುರೂ ಬೀಳುತ್ತದೆ, ಹಾಗೆ ಯಾರಿಗಾದರೂ ಆಗಿದೆಯೇ? ಅತ್ತೆಯ ಉಗುರು ಗಟ್ಟಿಯಾಗಿಯೇ ಇದ್ದವು. ಯಾರಿಗೂ ಇಲ್ಲ ಎಂದಳು ರಕ್ಷಾ, ಯೋಚಿಸದೆ.

ಸೋಮವಾರ ಅಂಬುಜಾ ಮೇಡಂಗೆ ಎಲ್ಲವನ್ನೂ ಹೇಳಿದಾಗ ಅವರು ರಕ್ಷಾಳ ಎರಡೂ ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ಗೇಟಿನ ಹತ್ತಿರ ಸುಘೋಷನ ತಾಯಿ, ನಂಗೆ ಮೊದಲೇ ಅನ್ನಿಸಿತ್ತು ಎಂದಳು. ಏನು ಅನ್ನಿಸಿತ್ತು ಎಂದು ರಕ್ಷಾ ಕೇಳಲಿಲ್ಲ. ಒಳಗೆ ಮಕ್ಕಳ ಕೈ ತೊಳೆಸುತ್ತಿದ್ದವಳು ಬೇರೆ ಯಾರೋ ಹೊಸ ಹೆಂಗಸು. ನೀಲಮ್ಮ ಶುಕ್ರವಾರ ಹೋದವಳು ಬಂದಿಲ್ಲ, ಫೋನು ಮಾಡಿದರೆ ಇನ್ನು ಬರುವುದಿಲ್ಲ ಎನ್ನುತ್ತಾಳೆ ಎಂದರು ಅಂಬುಜಾ. ರಕ್ಷಾಳ ಮೋರೆ ಸಣ್ಣದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಳಲ್ಲ ಅವಳು. ತನ್ನ ಎರಡು ದಿನದ ನರಕ ಮುಗಿಯಿತೆಂಬ ಸಮಾಧಾನದಲ್ಲಿ ಆ ಹೆಂಗಸಿನ ನೆನಪೇ ಬಂದಿರಲಿಲ್ಲ.

ಮಗಳನ್ನು ಕರೆದುಕೊಂಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಗೋವಿಂದರಾಜನಗರದಲ್ಲಿದ್ದ ನೀಲಮ್ಮನ ಮನೆಗೆ ಹೋದಳು. ವಠಾರದ ಕೊನೆಯ ಮನೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ತಪ್ಪಾಯಿತು, ಮಗುವಿನ ಗಾಬರಿಯಲ್ಲಿ ಕಣ್ಣು ಕಾಣಲಿಲ್ಲ, ನಾಳೆಯಿಂದ ಬಾ, ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಬಾಗಿಲು ತೆರೆಯಿತು. ನೀಲಮ್ಮ ಸೊಪ್ಪು ಬಿಡಿಸುತ್ತಿದ್ದಳೇನೋ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು. ಬಂದವರು ಯಾರೆಂದು ಕಂಡ ಕೂಡಲೇ ಕೈ ಸೆರಗಿನ ಕಡೆಗೆ ಹೊರಟಿತು. ಆಮೇಲೆ, ಇನ್ನೇನು ಉಳಿದಿದೆ ಎನ್ನುವಂತೆ, ಅರ್ಧದಲ್ಲೇ ನಿಂತಿತು.

ಬಲಗೈಯ ಮೂರು ಬೆರಳಿಗೆ ಉಗುರಿರಲಿಲ್ಲ. ಇನ್ನೊಂದರದು ಬುಡದಲ್ಲಿ ಎದ್ದು ನಿಂತಿತ್ತು.

ರಕ್ಷಾ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಿಹೋಯಿತು. ದಸರಾ ರಜೆಗೆ ಮುಂಚಿನ ದಿನ ಅನಘಾಳಿಗೆ ಊಟ ಮಾಡಿಸಿ ಬಾಯಿ ಒರೆಸಿದ್ದು ಈ ಕೈ. ಸೆರಗಿನೊಳಗೆ ಅಡಗಿಸಿಟ್ಟುಕೊಂಡದ್ದು ತಪ್ಪನ್ನಲ್ಲ, ಇದನ್ನು. ಉಗುರು ಬೀಳುವ ಕೈಯಿಂದ ಮಕ್ಕಳಿಗೆ ಊಟ ಮಾಡಿಸಲು ಯಾರು ಬಿಡುತ್ತಾರೆ ಎಂದು ಹೆದರಿ ಬಚ್ಚಿಟ್ಟ ಕೈಯನ್ನೇ ರಕ್ಷಾ ಹದಿನೈದು ಜನರ ಎದುರಿಗೆ ತೋರಿಸು ಎಂದಿದ್ದಳು.

ಅನಘಾಳಿಗೆ ಮಾತ್ರ ಇದೆಲ್ಲ ಸಂಭ್ರಮ. ಓಡಿಹೋಗಿ ಆ ಕೈ ಹಿಡಿದುಕೊಂಡಳು, ತನ್ನ ಬೋಳು ಬೆರಳನ್ನು ನೀಲಮ್ಮನ ಬೋಳು ಬೆರಳಿನ ಪಕ್ಕ ಇಟ್ಟು ನೋಡಿದಳು.

"ಆಯಮ್ಮ, ನಿಂಗೂ ಅಮ್ಮ ಬಂದಿದ್ಲಾ?"

ನೀಲಮ್ಮ ಬಗ್ಗಿ ಮಗುವಿನ ಮುಂಗುರುಳು ಸರಿಸಿದಳು. ಆಮೇಲೆ ತಲೆಯೆತ್ತಿ ರಕ್ಷಾಳ ಮುಖವನ್ನೇ ನೋಡಿದಳು. ಕಣ್ಣಲ್ಲಿ ಕೋಪವಿರಲಿಲ್ಲ.

"ಹೂಂ ಕಂದಾ, ಬಂದಿದ್ಲು," ಎಂದಳು. "ಶುಕ್ರವಾರ ಸ್ಕೂಲಿಗೇ ಬಂದಿದ್ಲು."

ರಕ್ಷಾ ಬಾಳೆಹಣ್ಣು ಹಿಡಿದುಕೊಂಡು ಹೊಸಿಲ ಆಚೆಯೇ ನಿಂತಿದ್ದಳು.